ದೇವರ ಫ್ರೇಮು

ಇದನ್ನು ಬರೆಯಬೇಕೆಂದು ಈ ಹಿಂದೆ ಎರಡು ಸಲ ಕೂತಿದ್ದೇನೆ. ಒಮ್ಮೆ ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಒಂದೂವರೆ ಪುಟ ಬರೆದು ಹರಿದುಹಾಕಿದೆ. ಇನ್ನೊಮ್ಮೆ ಅವನಿಗೇ ಕಾಗದ ಬರೆಯುವವನಂತೆ ‘ಪ್ರೀತಿಯ’ ಎಂದು ಆರಂಭಿಸಿ, ಆ ಪದದಿಂದ ಮುಂದಕ್ಕೆ ಹೋಗಲಾಗದೆ ನಿಲ್ಲಿಸಿದೆ. ಒಂದು ಸಲವಂತೂ ಬಾಯಿಯಲ್ಲೇ ಹೇಳಿಬಿಡೋಣವೆಂದು ಕಂಪ್ಲಿಯ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಇಳಿದು, ಚಹಾ ಕುಡಿದು, ಎದುರಿನಿಂದ ಬಂದ ಬಸ್ಸಿಗೆ ಹೊಸಪೇಟೆಗೆ ಮರಳಿದೆ. ಈಗ ಅವನಿಲ್ಲ. ಹೋದ ತಿಂಗಳು ತೀರಿಕೊಂಡ. ಕೇಳಬೇಕಾದವನು ಹೋದ ಮೇಲೆ ಹೇಳುವುದು ಸುಲಭ. ಆ ಸುಲಭಕ್ಕೂ ನನಗೆ ನಾಚಿಕೆಯಾಗುತ್ತದೆ.

ಹೆಸರು ಬರೆಯಲು ಇನ್ನೂ ಕೈ ಬರುತ್ತಿಲ್ಲ. ಸದ್ಯಕ್ಕೆ ‘ಅವನು’ ಎಂದೇ ಬರೆಯುತ್ತೇನೆ.

ಹೊಸಪೇಟೆಯಿಂದ ಚಿತ್ತವಾಡ್ಗಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಕ್ಯಾಮೆರಾದ ಹಿಂದೆ ನಿಂತವನು ನಾನು, ಅರವತ್ತು ದಾಟುವ ತನಕ ಅಲ್ಲೇ ನಿಂತೆ. ಅವನು ನನ್ನಲ್ಲಿಗೆ ಬಂದದ್ದು ಒಂದು ಮದುವೆ ಸೀಸನ್ನಿನಲ್ಲಿ. ನನ್ನ ಫ್ಲ್ಯಾಶ್ ಕೆಟ್ಟಿತ್ತು. ರೇಡಿಯೊ ರಿಪೇರಿ ಮಾಡುವವನೆಂದು ಯಾರೋ ಕಳಿಸಿದ್ದರು. ತೆಳ್ಳನೆಯ ಆಳು. ಬೇರೆಯವರು ಬೀಡಿ ಸಿಕ್ಕಿಸಿಕೊಳ್ಳುವ ಕಿವಿಯ ಸಂದಿಯಲ್ಲಿ ಅವನದೊಂದು ಸ್ಕ್ರೂಡ್ರೈವರ್. ನಾನು ಅವಸರದಲ್ಲಿ ಫ್ಲ್ಯಾಶಿನ ಮುಚ್ಚಳಕ್ಕೆ ಕೈ ಹಾಕಿದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ.

“ಅಣ್ಣಾರ, ಮುಟ್ಟಬ್ಯಾಡ್ರಿ. ಸೆಲ್ ತಗದ್ರೂ ಒಳಗ ಕರೆಂಟ್ ಕುಂತಿರತೈತಿ. ಮೊದಲು ಅದರ ಸಿಟ್ಟು ಇಳಸಬೇಕು.”

ಸ್ಕ್ರೂಡ್ರೈವರಿನ ತುದಿಯನ್ನು ಒಳಗಿನ ಎರಡು ಕಡ್ಡಿಗಳಿಗೆ ಒಟ್ಟಿಗೆ ಮುಟ್ಟಿಸಿದ. ಪಟ್ಟೆಂದು ನೀಲಿ ಕಿಡಿ ಹಾರಿತು. ನಾನು ಹೌಹಾರಿದೆ. ಅವನು ಮಗುವನ್ನು ಸಮಾಧಾನ ಮಾಡಿದವನಂತೆ ಫ್ಲ್ಯಾಶನ್ನು ಅಂಗೈಯಲ್ಲಿ ತಟ್ಟಿದ. “ಆತು. ಇನ್ನ ಮಾತಾಡಸಬಹುದು.”

ಯಂತ್ರ ಸತ್ತಿದೆ ಎಂದು ಅವನು ಎಂದೂ ಹೇಳಿದವನಲ್ಲ. ‘ಸುಮ್ಮನಾಗೈತಿ’ ಎನ್ನುತ್ತಿದ್ದ. ರೇಡಿಯೊ ಸುಮ್ಮನಾಗೈತಿ, ಫ್ಯಾನು ಸುಮ್ಮನಾಗೈತಿ. ಆ ಮಾತಿಗೇ ಒಲಿದು ನಾನು ಅವನನ್ನು ಸ್ಟುಡಿಯೋದಲ್ಲಿ ಇರಿಸಿಕೊಂಡೆ ಎಂದು ಈಗ ಅನಿಸುತ್ತದೆ.

ಆದರೆ ಅವನು ಊರಿಗೆಲ್ಲ ಬೇಕಾದದ್ದು ರಿಪೇರಿಗಾಗಿ ಅಲ್ಲ. ನಮ್ಮ ಕಡೆಯ ಶೈವರ ಮನೆಗಳಲ್ಲಿ ತೀರಿಕೊಂಡವರನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೂವಿನಿಂದ ಸಿಂಗರಿಸಿ, ಮನೆಮಂದಿಯೆಲ್ಲ ಸುತ್ತ ಕೂತು ಫೋಟೋ ತೆಗೆಸುವ ರೂಢಿ. ಬದುಕಿದ್ದಾಗ ಸ್ಟುಡಿಯೋ ಮೆಟ್ಟಿಲು ಹತ್ತದವರಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ಗೋಡೆಗೆ ಹಾಕಲು ಅದರಿಂದಲೇ ಮುಖ ಬಿಡಿಸಿ, ದೊಡ್ಡದು ಮಾಡಿ, ಮುಚ್ಚಿದ ರೆಪ್ಪೆಯ ಮೇಲೆ ಬ್ರಶ್ಶಿನಿಂದ ತೆರೆದ ಕಣ್ಣು ಬರೆಯಬೇಕು. ನಾವು ಸ್ಟುಡಿಯೋದವರು ಅದನ್ನು ಕಣ್ಣು ತೆರೆಸುವುದು ಎನ್ನುತ್ತೇವೆ. ನಾನು ತೆರೆಸಿದ ಕಣ್ಣುಗಳೆಲ್ಲ ಒಂದೇ ಥರ ಇರುತ್ತಿದ್ದವು, ಬಾಗಿಲ ಬೊಂಬೆಯ ಹಾಗೆ. ಅವನು ಮೊದಲು ಸತ್ತವರ ಮನೆಗೆ ಹೋಗಿ ಕೂರುತ್ತಿದ್ದ.

“ಇವರಂಗ ನೋಡೋರು ನಿಮ್ಮನ್ಯಾಗ ಯಾರದಾರ?” ಎಂದು ಕೇಳುತ್ತಿದ್ದ. ಮನೆಯವರು ಮುಖ ಮುಖ ನೋಡಿಕೊಂಡು, ಕೊನೆಗೆ ಒಬ್ಬ ತಂಗಿಯನ್ನೋ, ಮಗನನ್ನೋ ಮುಂದೆ ತಳ್ಳುತ್ತಿದ್ದರು. ಅವರನ್ನು ಬೆಳಕಿಗೆ ಕೂರಿಸಿ, ಅವರ ಕಣ್ಣು ನೋಡಿ, ಸತ್ತವರಿಗೆ ಬರೆಯುತ್ತಿದ್ದ. “ಕಣ್ಣು ಎಲ್ಲೂ ಹೋಗಂಗಿಲ್ಲ ಅಣ್ಣಾರ. ಮನ್ಯಾಗ ಎಲ್ಲೋ ಒಂದ್ಕಡೆ ಉಳಕೊಂಡಿರತೈತಿ. ನಾವು ಎರವಲು ತರಬೇಕು ಅಷ್ಟ.” ಫೋಟೋ ನೋಡಿ ಹೆಂಗಸರು ಹೋ ಎಂದು ಅಳುತ್ತಿದ್ದರು. ಅಳು ಬಂದರೆ ಕೆಲಸ ಸರಿಯಾಗಿದೆ ಎಂದರ್ಥ.

ಆಮೇಲೆ ಗಣಿಯ ಕಾಲ ಬಂತು. ಆ ಕಾಲದ ಹೊಸಪೇಟೆಯನ್ನು ನೋಡದವರಿಗೆ ಏನು ಹೇಳಲಿ? ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಇರುವೆ ಸಾಲಿನಂತೆ. ಗಿಡದ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು. ಬಿಳಿ ಅಂಗಿಯವರು ಪಾಸ್‌ಪೋರ್ಟ್ ಫೋಟೋಗೆ ಬಂದರೆ ಕಾಲರಿನ ಕೆಂಪು ತೆಗೆಯುವುದೇ ಒಂದು ಕೆಲಸ. ನಿನ್ನೆ ಸೈಕಲ್ಲಿನಲ್ಲಿ ಹೋದವನು ಇವತ್ತು ಏಸಿ ಕಾರಿನಲ್ಲಿ. ನಮ್ಮಂಥ ಸಣ್ಣ ಸ್ಟುಡಿಯೋಗಳಿಗೂ ಡಿಜಿಟಲ್ ಕ್ಯಾಮೆರಾ, ಕಂಪ್ಯೂಟರು ಬಂದವು. ನನಗೆ ಅದರ ಮೌಸ್ ಹಿಡಿಯಲೂ ಹೆದರಿಕೆ. ಅವನು ಏಳನೆಯ ಇಯತ್ತೆ ಓದಿದವನು, ಒಂದು ತಿಂಗಳಲ್ಲಿ ಅದನ್ನು ಪಳಗಿಸಿಕೊಂಡ.

ಆ ವರ್ಷಗಳಲ್ಲೇ ಒಂದು ದಿನ ಹಂಪಿಯಿಂದ ಒಂದು ವಿಚಿತ್ರ ಸಾಮಾನು ತಂದ. ಹೊಳೆಯಾಚೆಯ ಗೆಸ್ಟ್‌ಹೌಸಿನಲ್ಲಿ ಯಾರೋ ಪರದೇಶದವರು ಕಸದ ಬುಟ್ಟಿಗೆ ಹಾಕಿ ಹೋಗಿದ್ದರಂತೆ. ಹರಿಗೋಲಿನವನು ಕೊಟ್ಟದ್ದು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು, ಮೇಲೆ ಹಳದಿ ಕಾಗದದ ಕವಚ, ಬೆನ್ನಿಗೆ ಇನ್ನೆಷ್ಟು ಫೋಟೋ ಉಳಿದಿವೆಯೆಂದು ಅಂಕಿ ತೋರಿಸುವ ಒಂದು ಸಣ್ಣ ಕಿಟಕಿ.

“ಆಟಿಗಿ ಸಾಮಾನೇನೋ?” ಎಂದೆ.

“ಕ್ಯಾಮೆರಾ ಅಣ್ಣಾರ. ಡಿಜಿಟಲ್. ಒಮ್ಮೆ ಬಳಸಿ ಬಿಸಾಕೋದು. ಇಪ್ಪತ್ತೈದು ಫೋಟೋ ತಗೀತೈತಿ, ಆಮ್ಯಾಲೆ ಬಾಯಿ ಬಿಗೀತೈತಿ. ಒಳಗಿನ ಫೋಟೋ ಬೇಕಂದ್ರ ಅವರ ದೇಶದ ಅಂಗಡಿಗೇ ಹೋಗಬೇಕಂತ. ನೋಡಾಕ ಪರದೆ ಇಲ್ಲ, ವೈರ್ ಹಾಕಾಕ ತೂತಿಲ್ಲ.”

“ಅಂಥಾದ್ದು ತಂದು ಏನ್ ಮಾಡ್ತಿ ಮಾರಾಯ?”

“ಇಷ್ಟು ಮಂದಿನ್ನ ಹೊಟ್ಟ್ಯಾಗ ಇಟ್ಕೊಂಡು ಬುಟ್ಟ್ಯಾಗ ಬಿದ್ದಿತ್ತಲ್ರಿ ಪಾಪ.”

ಎರಡು ತಿಂಗಳು ಅದರ ಹಿಂದೆ ಬಿದ್ದ. ಕವಚ ಕಿತ್ತ, ಸಿಟ್ಟು ಇಳಿಸಿದ, ತಿರುಪು ಬಿಚ್ಚಿದ. ಪಕ್ಕದಲ್ಲಿ ಒಂದು ಸಂದು, ಅದರೊಳಗೆ ಬಂಗಾರದ ಬಣ್ಣದ ಹತ್ತು ಹಲ್ಲುಗಳು. ಅಂಗಡಿಯವರ ಯಂತ್ರ ಅಲ್ಲಿ ಕಚ್ಚಿಕೊಳ್ಳುತ್ತದೆಂದು ಊಹಿಸಿದ. ಗುಜರಿಯಿಂದ ಹಳೆಯ ಫೋನುಗಳ, ಎಲೆಕ್ಟ್ರಾನಿಕ್ ಡೈರಿಗಳ ವೈರಿನ ಬಾಲ ತಂದು ಒಂದೊಂದನ್ನೇ ಕತ್ತರಿಸಿ ಹೊಂದಿಸಿ ನೋಡಿದ. ಹತ್ತು ಹಲ್ಲಿನಲ್ಲಿ ನಾಲ್ಕೇ ಬೇಕಾದವು ಎಂದು ಕಂಡುಹಿಡಿದು, ಕೆಂಪು, ಕಪ್ಪು, ಬಿಳಿ, ಹಸಿರು ನಾಲ್ಕು ತಂತಿಗಳನ್ನು ಬೆಸೆದ. ದೂರದ ಯಾವುದೋ ದೇಶದಲ್ಲಿ ಇವನಂಥದೇ ತಲೆಕೆಟ್ಟವನೊಬ್ಬ ಅದರ ಬೀಗ ತೆಗೆಯುವ ಪ್ರೋಗ್ರಾಮು ಬರೆದಿದ್ದನಂತೆ. ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಅದನ್ನೂ ಇಳಿಸಿಕೊಂಡು ಬಂದ. ಒಂದು ಮಧ್ಯಾಹ್ನ ನಮ್ಮ ಕಂಪ್ಯೂಟರಿನ ಮೇಲೆ, ಕಸದ ಬುಟ್ಟಿಯಿಂದ ಎದ್ದು ಬಂದ ಹಾಗೆ, ಹಂಪಿಯ ಬಂಡೆಗಳು, ಬಾಳೆಹಣ್ಣು ಮಾರುವ ಒಬ್ಬ ಮುದುಕಿ, ನೀರಿನಲ್ಲಿ ಕಾಲಿಳಿಬಿಟ್ಟ ಬೆಳ್ಳನೆಯ ಒಂದು ಜೋಡಿ ಮೂಡಿದರು. ಅವನು ಎದ್ದು ನಿಂತು ಪರದೆಗೆ ಕೈ ಮುಗಿದ. ತಮಾಷೆಗಲ್ಲ. ಆ ಮುದುಕಿಯ ಫೋಟೋದ ಪ್ರಿಂಟು ತೆಗೆದು ಹಂಪಿಗೆ ಹೋಗಿ ಹುಡುಕಿ ಕೊಟ್ಟು ಬಂದ.

ಮತ್ತೆ ಮತ್ತೆ ಬಳಸುವಂತೆಯೂ ಮಾಡಿದ. ನನಗೆ ಕಂಪ್ಯೂಟರು ಬಾರದೆಂದು ಕ್ಯಾಮೆರಾದ ಅಡಿಗೆ ಒಂದು ಸಣ್ಣ ತೂತು ಕೊರೆದು, ಒಳಗೊಂದು ಗುಂಡಿ ಕೂರಿಸಿದ. “ನೋಡ್ರಿ ಅಣ್ಣಾರ, ನಿಮ್ಮ ಸಲುವಾಗಿ. ಸೂಜಿ ಹಾಕಿ ಹತ್ತು ಎಣಿಸೋತನಕ ಒತ್ರಿ. ಒಳಗಿಂದೆಲ್ಲ ಹೋಗಿ, ಕಿಟಕ್ಯಾಗ ಮತ್ತ ಇಪ್ಪತ್ತೈದು ಬರತೈತಿ.” ಆ ಸೂಜಿಯನ್ನು ನಾನು ಅಂಗಿಯ ಜೇಬಿನ ಅಂಚಿಗೆ ಚುಚ್ಚಿಕೊಂಡಿರುತ್ತಿದ್ದೆ.

ಕಂಪ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಭತ್ತ ಏರುವ ಕೊಳವೆ ಕಟ್ಟಿಕೊಂಡಾಗ ಇವನ ಕ್ಯಾಮೆರಾ ಉಪಯೋಗಕ್ಕೆ ಬಂತು. ಒಳಗೆ ತಲೆ ತೂರುವಂತಿಲ್ಲ. ಬಿಚ್ಚಿದರೆ ಎರಡು ದಿನ ಮಿಲ್ಲು ನಿಲ್ಲುತ್ತದೆ. ಇವನು ಕ್ಯಾಮೆರಾದ ಫೋಟೋ ಹೊಡೆಯುವ ಗುಂಡಿಗೆ ಎರಡು ತಂತಿ ಬೆಸೆದು, ಇಪ್ಪತ್ತು ಅಡಿ ಉದ್ದ ಎಳೆದು, ತುದಿಗೆ ಮನೆಯ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಹಾಕಿದ. ಕ್ಯಾಮೆರಾಕ್ಕೊಂದು ಟಾರ್ಚ್ ಕಟ್ಟಿ ಕೊಳವೆಗೆ ಇಳಿಬಿಟ್ಟು ಮೇಲಿನಿಂದ ಬೆಲ್ ಒತ್ತಿದ. ಮಿಲ್ಲಿನ ಹಮಾಲರು ಸುತ್ತ ನಿಂತು ನಗುತ್ತಿದ್ದರು. “ಯಾರ್ ಮನಿ ಬೆಲ್ ಹೊಡ್ಯಾಕತ್ತೀಯಪ್ಪಾ? ಒಳಗ ಯಾರಿಲ್ಲ!” ಫೋಟೋದಲ್ಲಿ ಒಂದು ಗೋಣಿಚೀಲ ಸುರುಳಿಯಾಗಿ ಸಿಕ್ಕಿಕೊಂಡದ್ದು ಕಂಡಿತು. ಕೊಕ್ಕೆ ಹಾಕಿ ಎಳೆದರು. ಮಿಲ್ಲಿನ ಮಾಲೀಕ ಅವನ ಬೆನ್ನು ತಟ್ಟಿ, ಎಂದಾದರೂ ಕೆಲಸ ಬೇಕಾದರೆ ಬಾ ಎಂದಿದ್ದ. ಆ ಮಾತು ಮುಂದೆ ಹೀಗೆ ಬಳಕೆಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಹೊಸ ಶ್ರೀಮಂತರಿಗೆ ಇವನ ಕ್ಯಾಮೆರಾಗಳು ಹುಚ್ಚು ಹಿಡಿಸಿದವು. ತೊಟ್ಟಿಲು, ಗೃಹಪ್ರವೇಶ ಯಾವುದೇ ಇರಲಿ, ಊಟದ ಸಾಲಿಗೊಂದು ಕ್ಯಾಮೆರಾ ಇಡಬೇಕು, ನೆಂಟರೇ ಫೋಟೋ ಹೊಡೆದುಕೊಳ್ಳಬೇಕು. ಸ್ಟುಡಿಯೋದ ಗೋಡೆಗೆ ಮೊಳೆ ಹೊಡೆದು, ಹರಿಗೋಲಿನವನಿಂದ ಒಂದೊಂದಾಗಿ ಸಿಕ್ಕ ಹತ್ತು ಕ್ಯಾಮೆರಾಗಳನ್ನು ನೇತುಹಾಕಿದೆವು.

ಇಲ್ಲಿ ನಮ್ಮ ಸ್ಟುಡಿಯೋದ ಒಂದು ನೇಮ ಹೇಳಬೇಕು. ಕೌಂಟರಿನ ಹಿಂದೆ, ಬಾಗಿಲಿಗೆ ಎದುರಾಗಿ, ಗಾಜು ಹಾಕಿದ ವಿರೂಪಾಕ್ಷನ ಪಟವಿತ್ತು. ಹೊಸ ರೋಲು ಹಾಕಿದರೆ ಮೊದಲ ಫ್ರೇಮು ಆ ದೇವರಿಗೆ. ಅಪ್ಪ ಮಾಡಿದ್ದು, ನಾನು ಬಿಡಲಿಲ್ಲ. ರೋಲು ಹೋಗಿ ಡಿಜಿಟಲ್ ಬಂದ ಮೇಲೂ ಬಿಡಲಿಲ್ಲ. ಹಾಗಾಗಿ ನಮ್ಮಲ್ಲಿ ತಯಾರಾದ ಪ್ರತಿ ಕ್ಯಾಮೆರಾದ ಕಿಟಕಿಯಲ್ಲೂ ಇಪ್ಪತ್ತೈದಲ್ಲ, ಇಪ್ಪತ್ನಾಲ್ಕು ಇರುತ್ತಿತ್ತು. ಒಂದು ದೇವರದು. ಇನ್ನೊಂದು ನೇಮ: ಸಾವಿನ ಮನೆಗೆ ಹೋಗಿ ಬಂದ ಕ್ಯಾಮೆರಾವನ್ನು ಶುಭಕಾರ್ಯಕ್ಕೆ ಹಾಗೇ ಕೊಡುವಂತಿಲ್ಲ. ಒಳಗಿನದನ್ನು ತೆಗೆದು ದೇವರ ಫ್ರೇಮನ್ನು ಹೊಸದಾಗಿ ಹೊಡೆಯಬೇಕು.

ಅವನು ನಗುತ್ತಿದ್ದ. “ಸೂತಕ ಇಲ್ಲ ಅನ್ನೋ ಮನೆತನದೋರು ನೀವ. ಕ್ಯಾಮೆರಾಕ್ಕ ಸೂತಕ ಹಚ್ಚೋರೂ ನೀವ.” ಗಾಜಿನ ಪಟವಾದ್ದರಿಂದ ಫೋಟೋ ತೆಗೆದವರ ನೆರಳು ಬಾಗಿಲ ಬೆಳಕಿನೊಡನೆ ಅದರಲ್ಲಿ ಬೀಳುತ್ತಿತ್ತು. ನಾನು ತೆಗೆದ ಫ್ರೇಮನ್ನು ಪರದೆಯ ಮೇಲೆ ನೋಡಿ ಹೇಳುತ್ತಿದ್ದ: “ದೇವರಿಗಿಂತ ನೀವ ಚೆಂದ ಬಂದೀರಿ ಅಣ್ಣಾರ. ಹೊಟ್ಟಿ ಒಂದೀಟು ಹೆಚ್ಚಾತು.”

ಅವನ ಹೆಂಡತಿಯನ್ನು ನಾನು ಹಬ್ಬಹುಣ್ಣಿಮೆಗೆ ಕಂಡದ್ದುಂಟು. ಚಿತ್ತವಾಡ್ಗಿಯಲ್ಲಿ ಒಂದೂವರೆ ಕೋಣೆಯ ಮನೆ. ಮಕ್ಕಳಿರಲಿಲ್ಲ. ಆಕೆಗೆ ತಂದೆತಾಯಿ, ಒಡಹುಟ್ಟಿದವರು ಯಾರೂ ಉಳಿದಿರಲಿಲ್ಲ. ಅವರದು ಎರಡು ಜಾತಿಯ ಮದುವೆ. ಹೊಳೆಯ ದಂಡೆಯ ಗುಡಿಯೊಂದರಲ್ಲಿ ಇಬ್ಬರೇ ಹಾರ ಬದಲಿಸಿಕೊಂಡಿದ್ದರು, ಫೋಟೋ ತೆಗೆಯುವವರು ಯಾರು? ಆಮೇಲೆ ಅವನು ಎಷ್ಟು ಕೇಳಿದರೂ ಆಕೆ ಒಪ್ಪಲಿಲ್ಲ. ಅವನು ಕಣ್ಣು ಬರೆಯಲು ಮನೆಗೆ ಒಯ್ಯುತ್ತಿದ್ದ ಸತ್ತವರ ಮುಖಗಳನ್ನು ವರ್ಷಗಟ್ಟಲೆ ನೋಡಿದವಳು. ನನ್ನೆದುರೇ ಒಮ್ಮೆ ಚಹಾ ಲೋಟ ಕೊಡುತ್ತಾ ಅಂದಳು: “ನೀವ ಹೇಳ್ರಿ ಅಣ್ಣಾರ, ಇವರ ಕೈಯಾಗ ಬಂದ ಫೋಟೋದಾಗ ಉಸಿರಾಡೋರು ಒಬ್ಬರರ ಅದಾರೇನು? ನಾನ್ಯಾಕ ಆ ಸಾಲಿನ್ಯಾಗ ಕುಂದ್ರಲಿ?” ಅವನು ನಕ್ಕ. ಆಕೆಯೂ ನಕ್ಕಳು. ದೊಡ್ಡ ಕಣ್ಣು, ಅಷ್ಟು ನೆನಪಿದೆ. ಆದರೆ ಹೇಗೆ ನೋಡುತ್ತಿದ್ದಳು ಎಂದು ಕೇಳಿದರೆ ನನಗೆ ಹೇಳಲು ಬಾರದು.

ಇನ್ನು ಆ ದಿನ.

ಹಿಂದಿನ ದಿನ ಅವನು ಸಂಡೂರಿನಲ್ಲಿ ಒಂದು ಸಾವಿನ ಮನೆಗೆ ಫೋಟೋಗೆ ಹೋಗಿದ್ದ. ಸ್ಟುಡಿಯೋದ ದೊಡ್ಡ ಕ್ಯಾಮೆರಾದ ಜೊತೆಗೆ, ಇರಲಿ ಎಂದು, ಹತ್ತರಲ್ಲಿ ಒಂದು ಸಣ್ಣದನ್ನೂ, ದೇವರ ಫ್ರೇಮು ತಾನೇ ಹೊಡೆದು, ಚೀಲದಲ್ಲಿ ಒಯ್ದಿದ್ದ. ಲಾರಿಗಳ ಸಾಲಿನಲ್ಲಿ ಸಿಕ್ಕಿ ತಡವಾಗಿ, ನೇರ ಮನೆಗೆ ಹೋದ. ಮರುದಿನ ಬೆಳಿಗ್ಗೆ ಸ್ಟುಡಿಯೋಕ್ಕೆ ಬಂದು ಸಣ್ಣದನ್ನು ಅದರ ಮೊಳೆಗೆ ನೇತುಹಾಕಿದ. ಕರೆಂಟಿರಲಿಲ್ಲ. “ಬರ್ತೀನ್ರಿ” ಎಂದು ಹಂಪಿಗೆ ಹೊರಟ, ಹರಿಗೋಲಿನವನು ಇನ್ನೆರಡು ಕ್ಯಾಮೆರಾ ಎತ್ತಿಟ್ಟಿದ್ದನಂತೆ. ಹೋಗುವಾಗ ಬಾಗಿಲಲ್ಲಿ ನಿಂತು ಆ ಮೊಳೆಯ ಕಡೆ ಒಮ್ಮೆ ನೋಡಿ ನಕ್ಕದ್ದು ನನಗೆ ಕಂಡಿತು. ಯಾಕೆಂದು ಕೇಳಲಿಲ್ಲ.

ಹನ್ನೊಂದರ ಹೊತ್ತಿಗೆ ಗಾದಿಗನೂರಿನ ಲಾರಿ ಮಾಲೀಕರೊಬ್ಬರ ಕಡೆಯವರು ಮೂವರು ಬಂದರು. ಸಂಜೆ ಮೊಮ್ಮಗನ ತೊಟ್ಟಿಲು, ಹತ್ತೂ ಕ್ಯಾಮೆರಾ ಬೇಕು. ಒಂಬತ್ತು ತಯಾರಿದ್ದವು. ಹತ್ತನೆಯದನ್ನು ಕೈಗೆತ್ತಿಕೊಂಡೆ. ಕಿಟಕಿಯಲ್ಲಿ ಇಪ್ಪತ್ನಾಲ್ಕು. ಅಂದರೆ ದೇವರ ಫ್ರೇಮು ಬಿಟ್ಟರೆ ಖಾಲಿ. ಆದರೆ ನಿನ್ನೆ ಸಂಡೂರಿನ ಸಾವಿನ ಮನೆಗೆ ಹೋಗಿ ಬಂದದ್ದು. ಕೂಸಿನ ತೊಟ್ಟಿಲಿಗೆ ಅದನ್ನು ಹೇಗೆ ಕೊಡುವುದು? ಜೇಬಿನ ಸೂಜಿ ತೆಗೆದೆ. ಹತ್ತು ಎಣಿಸಿದೆ. ಇಪ್ಪತ್ತೈದು ಬಂತು. ಬಾಗಿಲಿಗೆ ಬೆನ್ನು ಮಾಡಿ ನಿಂತು ದೇವರಿಗೆ ಒಂದು ಫೋಟೋ ಹೊಡೆದೆ. ಮತ್ತೆ ಇಪ್ಪತ್ನಾಲ್ಕು. ಒಂದು ನಿಮಿಷದ ಕೆಲಸ.

ಒಂಬತ್ತನ್ನು ಡಬ್ಬಿಯಲ್ಲಿ ಜೋಡಿಸುವ ಹೊತ್ತಿಗೆ ಕರೆಂಟು ಬಂತು. ಬೆನ್ನಿಗೇ ಅವನೂ ಬಂದ. ಬಂದವನೇ ಕೌಂಟರಿನ ಮೇಲಿದ್ದ ಹತ್ತನೆಯದನ್ನು ಎತ್ತಿಕೊಂಡು ಕಂಪ್ಯೂಟರಿನ ಮುಂದೆ ಕೂತ.

“ಅಣ್ಣಾರ, ಕುಂದ್ರಿ ಇಲ್ಲಿ. ಇವತ್ತು ನಿಮಗೊಂದು ತೋರಸ್ತೀನಿ.”

ನಮ್ಮ ಕಂಪ್ಯೂಟರು ನಿಧಾನ. ಅದು ಕಣ್ಣು ಬಿಡುವ ತನಕ ಅವನು ಹೇಳುತ್ತಾ ಹೋದ. ಬೆಳಿಗ್ಗೆ ಹೆಂಡತಿ ಮೂಲೆಯಲ್ಲಿ ಬಿದ್ದಿದ್ದ ಬೆಲ್ ಸ್ವಿಚ್ಚು ನೋಡಿ ಇದೇನು ಎಂದಳಂತೆ. ಅವನು ಮಿಲ್ಲಿನ ಕತೆ ಹೇಳಿದನಂತೆ. “ಅಂದ್ರ ಯಾರೂ ನನ್ನ ನೋಡ್ಕೊಂತ ನಿಲ್ಲಂಗಿಲ್ಲ? ನಾನ ಒತ್ತಿಕೋಬಹುದು?” ಎಂದಳಂತೆ. ಅವನು ಆ ಸಣ್ಣ ಕ್ಯಾಮೆರಾಕ್ಕೆ ಅಲ್ಲೇ, ಆಮೇಲೆ ಬಿಡಿಸಿಕೊಳ್ಳುವಂತೆ, ತಂತಿ ಬೆಸೆದು, ಅಡುಗೆಮನೆಯ ಕಿಟಕಿಯ ಮೇಲಿಟ್ಟು, ಸ್ವಿಚ್ಚನ್ನು ಆಕೆಯ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತನಂತೆ.

“‘ಬೆಲ್ ಒತ್ತಿದ್ರ ಯಾರು ಬರ್ತಾರ?’ ಅಂತ ಒಳಗಿಂದ ಕೇಳಿದ್ಲು ಅಣ್ಣಾರ. ‘ನೀನ ಬರ್ತಿ’ ಅಂದೆ. ನಗಾಕತ್ತಿದ್ಲು. ನಗಕೊಂತನ ಒತ್ತಿದ್ಲು. ಒಂದ ಸಲ. ಸಾಕು ಅಂದ್ಲು.”

ಮೂವರು ಗಿರಾಕಿಗಳೂ ಕೇಳುತ್ತಾ ಮುಗುಳ್ನಗುತ್ತಿದ್ದರು. ಜೇಬಿನ ಅಂಚಿನ ಸೂಜಿ ಎದೆಗೇ ತಾಗಿದಂತಿತ್ತು. ಹೇಳಲು ಅಷ್ಟು ಸಮಯವಿತ್ತು. ಕಂಪ್ಯೂಟರು ಅಷ್ಟು ನಿಧಾನವಿತ್ತು.

“ಅದರಾಗ ದೇವರದು ಮೊದಲ ಇತ್ತಲ್ಲ?” ಎಂದೆ.

ಅವನು ತಲೆ ತಗ್ಗಿಸಿ ನಾಚಿಕೊಂಡ. “ಬೈಬ್ಯಾಡ್ರಿ. ದೇವರನ್ನ ಅಳಿಸಿಬಿಟ್ಟೆ. ಆಕಿ ಮುಂದ ಯಾರೂ ಬ್ಯಾಡ ಅನಿಸ್ತು. ಇದೊಂದ್ಸಲ ಆಕೀನ ಮೊದಲು.”

ಪರದೆ ತೆರೆದುಕೊಂಡಿತು. ಇದ್ದದ್ದು ಒಂದೇ ಫೋಟೋ. ವಿರೂಪಾಕ್ಷ.

ಅವನು ಪರದೆಗೆ ಬಾಗಿದ. ತಂತಿ ಕಿತ್ತು ಮತ್ತೆ ಚುಚ್ಚಿದ. ಮತ್ತೆ ವಿರೂಪಾಕ್ಷ. ತಿರುಗಿ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಪ್ರಶ್ನೆ ಇತ್ತು. ನಾನು ಹೇಳಿದ್ದು ಇಷ್ಟು:

“ನಾನು ಮುಟ್ಟಿಲ್ಲಪ್ಪ. ಸೂಜಿ ಸರಿ ಒತ್ತಿರಲಿಕ್ಕಿಲ್ಲ ನೀನು. ಹಳೇ ದೇವರ ಉಳಕೊಂಡಾನ. ನಿನ್ನ ಬೆಲ್ಲೂ ತಗೊಂಡಿಲ್ಲ. ಬೆಸುಗಿ ಬಿಟ್ಟಿರಬೇಕು.”

ಯಾಕೆ ಹಾಗೆಂದೆ ಎಂದು ಬಹಳ ಯೋಚಿಸಿದ್ದೇನೆ. ಗಿರಾಕಿಗಳ ಮುಂದೆ ಮಾಲೀಕನ ಮುಖ ಉಳಿಸಿಕೊಳ್ಳಲು ಇರಬಹುದು. ಹೆಂಡತಿ ಮನೆಯಲ್ಲೇ ಇದ್ದಾಳೆ, ಸಂಜೆ ಇನ್ನೊಂದು ತೆಗೆದರಾಯಿತು, ಇಷ್ಟಕ್ಕೆ ಯಾಕೆ ರಾದ್ಧಾಂತ ಎಂದೂ ಅನಿಸಿರಬಹುದು. ಸಣ್ಣ ಸುಳ್ಳು. ಲೆಕ್ಕವೂ ಹೊಂದುತ್ತಿತ್ತು: ಮೊದಲೂ ಇಪ್ಪತ್ನಾಲ್ಕು, ಈಗಲೂ ಇಪ್ಪತ್ನಾಲ್ಕು.

ಅವನು ಪರದೆಯ ಕಡೆ ತಿರುಗಿದ. ಫೋಟೋವನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ದೇವರ ಮುಖದಲ್ಲಿ ಹೆಂಡತಿ ಸಿಗುತ್ತಾಳೆಯೇ ಎಂದು ಹುಡುಕುವವನಂತೆ ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಅಂದ: “ಇರಬಹುದ್ರಿ ಅಣ್ಣಾರ. ನನ್ನ ಬೆಸುಗೀನ ಬಿಟ್ಟಿರಬೇಕು.”

ಆ ಫೋಟೋದ ಒಂದು ಪ್ರಿಂಟು ತೆಗೆದುಕೊಂಡ. “ಅದ್ಯಾಕೋ?” ಎಂದೆ. “ಆಕಿಗೆ ತೋರಸಬೇಕಲ್ರಿ, ಏನು ಬಂತು ಅಂತ.” ಕಿಟಕಿಯ ಬಳಿ ಕೂತು ಬ್ರಶ್ಶಿನಿಂದ ಅದನ್ನು ಏನೋ ತಿದ್ದಿದ. ದೂಳಿನ ಚುಕ್ಕೆ ತೆಗೆಯುತ್ತಿದ್ದಾನೆಂದುಕೊಂಡೆ. ಆ ಕ್ಯಾಮೆರಾ ತೊಟ್ಟಿಲಿಗೆ ಹೋಯಿತು. ಕೂಸಿನ, ಹೋಳಿಗೆಯ, ನೆಂಟರ ಇಪ್ಪತ್ನಾಲ್ಕು ಫೋಟೋ ತುಂಬಿಕೊಂಡು ಮರುದಿನ ಬಂತು.

ಮರುದಿನ ನಾನೇ ಕೇಳಿದೆ, ಏನಂದಳು ಎಂದು. “ಭಾಳ ನಕ್ಕಳ್ರಿ,” ಎಂದ. “‘ನಾನು ಬೆಲ್ ಒತ್ತಿದೆ, ದೇವರು ಬಂದ. ಇನ್ನೇನು ಬೇಕು? ನನ್ನ ಜಾಗದಾಗ ಅವನ ಕುಂತ ಮ್ಯಾಲೆ ನಾ ಎಬ್ಬಿಸಂಗಿಲ್ಲ’ ಅಂದ್ಲು.” ಅದು ಅವಳಿಗೆ ಶಕುನವಾಗಿಬಿಟ್ಟಿತು. ಅವನು ಮತ್ತೆ ಎಷ್ಟು ಬೇಡಿದರೂ ಕ್ಯಾಮೆರಾದ ಮುಂದೆ ಕೂರಲಿಲ್ಲ.

ಅದೇ ವರ್ಷದ ಬೇಸಿಗೆಯಲ್ಲಿ ಜ್ವರ ಬಂತು. ಎಂಟು ದಿನ ಆಸ್ಪತ್ರೆ. ಒಂಬತ್ತನೆಯ ದಿನ ಬೆಳಿಗ್ಗೆ ಅವನು ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದ. “ಸುಮ್ಮನಾದ್ಲು ಅಣ್ಣಾರ. ಬರ್ರಿ, ಫೋಟೋ ತಗೀರಿ.”

ತೆಗೆದೆ. ಸುತ್ತ ಕೂರಲು ಮನೆಮಂದಿ ಇರಲಿಲ್ಲ. ಅವನೊಬ್ಬನೇ ಪಕ್ಕದಲ್ಲಿ ಕೂತ.

ಹದಿನೈದು ದಿನ ಆ ಪ್ರಿಂಟನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದ. ಬ್ರಶ್ಶು ಅದ್ದುವುದು, ರೆಪ್ಪೆಯ ತನಕ ಒಯ್ಯುವುದು, ಒರೆಸಿಕೊಳ್ಳುವುದು. ಊರಿಗೆಲ್ಲ ಕಣ್ಣು ತೆರೆಸಿದವನು. ಕೊನೆಗೆ ಒಂದು ಮಧ್ಯಾಹ್ನ ನನ್ನನ್ನು ಕರೆದ.

“ಬರವಲ್ದು ಅಣ್ಣಾರ. ಇಪ್ಪತ್ತೆರಡು ವರ್ಷ ನೋಡೀನಿ. ಬ್ರಶ್ ಹಿಡಿದ ಕೂಡಲೆ ಮರತು ಹೋಗತೈತಿ. ಯಾರ ಕಣ್ಣು ಎರವಲು ತರಲಿ? ಆಕಿ ಕಡೆಯೋರು ಯಾರೂ ಇಲ್ಲ. ಒಂದ ಒಂದು ಫೋಟೋ ಇದ್ದಿದ್ರ ನೋಡ್ಕೊಂಡು ಬರೀತಿದ್ದೆ.”

ಆಗಲೂ ಹೇಳಬಹುದಿತ್ತು. ಹೇಳಿದ್ದರೆ ಕಣ್ಣು ಬರುತ್ತಿರಲಿಲ್ಲ, ನಿಜ. ಆದರೆ ಅವನ ಬೆಸುಗೆ ಬಿಟ್ಟಿರಲಿಲ್ಲ, ಅವಳು ಒತ್ತಿದ್ದು ಒಳಗೆ ಇಳಿದಿತ್ತು ಎಂಬುದಾದರೂ ಅವನಿಗೆ ಸಿಗುತ್ತಿತ್ತು ಎಂದು ಆಗ ನನ್ನ ಮನಸ್ಸಿಗೆ ಬಂದಿತ್ತು. ಬಂದೂ ನಾನು ಆಡಿದ ಮಾತು, “ಹೋಗ್ಲಿ ಬಿಡು, ಮುಚ್ಚಿದ ಕಣ್ಣ ಇರಲಿ.”

ಬ್ರಶ್ಶುಗಳನ್ನು ತೊಳೆದು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಮೇಜಿನ ಮೇಲಿಟ್ಟ. ಬೆಸುಗೆಯ ಕಡ್ಡಿಯನ್ನು ಅವುಗಳ ಪಕ್ಕ ಇಟ್ಟ. ಮರುದಿನದಿಂದ ಸ್ಟುಡಿಯೋಕ್ಕೆ ಬರಲಿಲ್ಲ. ಕಂಪ್ಲಿಯ ಆ ಮಿಲ್ಲಿನಲ್ಲಿ ಕಾವಲಿಗೆ ಸೇರಿದನೆಂದು ಆಮೇಲೆ ತಿಳಿಯಿತು. ಅವನು ಅಲ್ಲಿ ಒಂದು ಫ್ಯೂಜು ಕೂಡ ಹಾಕುತ್ತಿರಲಿಲ್ಲವಂತೆ. ಹಮಾಲರು ರೇಡಿಯೊ ತಂದುಕೊಟ್ಟರೆ, “ನನ್ನ ಕೈ ಸರಿಯಿಲ್ಲಪ್ಪ” ಎನ್ನುತ್ತಿದ್ದನಂತೆ. ಅದನ್ನು ಕೇಳಿಯೇ ನಾನು ಆ ಅರ್ಧ ದಾರಿಯ ಬಸ್ಸು ಹತ್ತಿದ್ದು.

ಹೋದ ತಿಂಗಳು ಸುದ್ದಿ ಬಂದಾಗ ಪೂರ್ತಿ ದಾರಿ ಹೋದೆ. ಮಣ್ಣು ಮಾಡಿಯಾಗಿತ್ತು. ಮಿಲ್ಲಿನ ಹಿಂದೆ ತಗಡಿನ ಒಂದು ಕೋಣೆ. ಪಕ್ಕದ ಮನೆಯ ಹೆಣ್ಣುಮಗಳು ಬೀಗ ತೆಗೆದಳು. ಕೊನೆಯ ವರ್ಷಗಳಲ್ಲಿ ಅವನಿಗೆ ಊಟ ಕೊಡುತ್ತಿದ್ದವಳು ಆಕೆಯೇ. ಚಾಪೆ, ತಂಬಿಗೆ, ಗೋಡೆಯ ಮೇಲೆ ಒಂದೇ ಒಂದು ಪಟ. ಅದಕ್ಕೆ ಒಣಗಿದ ಮಲ್ಲಿಗೆ.

“ಅದ ನನ್ನ ಹೆಂಡ್ತಿ ಫೋಟೋ ಅಂತಿದ್ರಿ ಅಜ್ಜಾರು,” ಎಂದಳು ಆಕೆ. “ನಮಗ ನೋಡಿದ್ರ ದೇವರ ಕಾಣ್ತಿದ್ದ. ವಯಸ್ಸಾಗೈತಿ, ಏನೋ ಅಂತಾರ ಅಂತ ಸುಮ್ಮನಿರತಿದ್ವಿ.”

ಪಟವನ್ನು ಕೆಳಗಿಳಿಸಿ ಬಾಗಿಲ ಬೆಳಕಿಗೆ ಹಿಡಿದೆ. ಅದೇ ಪ್ರಿಂಟು. ವಿರೂಪಾಕ್ಷ, ಗಾಜಿನಲ್ಲಿ ನಮ್ಮ ಸ್ಟುಡಿಯೋದ ಬಾಗಿಲ ಬೆಳಕು. ಆ ಬೆಳಕಿನ ನಡುವೆ ಫೋಟೋ ತೆಗೆದವರು ನಿಂತಿರಬೇಕು. ಹಳೆಯ ದೇವರೇ ಉಳಿದುಕೊಂಡಿದ್ದರೆ ಅಲ್ಲಿ ಅವನ ತೆಳ್ಳನೆಯ ನೆರಳು ಇರಬೇಕಿತ್ತು, ಆ ಕ್ಯಾಮೆರಾದ ಹಳೆಯ ಫ್ರೇಮು ತೆಗೆದವನು ಅವನೇ. ಇಲ್ಲಿ ಯಾರೂ ಇರಲಿಲ್ಲ. ಬಾಗಿಲ ಬೆಳಕು ಖಾಲಿಯಾಗಿ, ನಯವಾಗಿ ಬಿದ್ದಿತ್ತು. ನಲವತ್ತೈದು ವರ್ಷ ಸ್ಟುಡಿಯೋದಲ್ಲಿದ್ದವನಿಗೆ ಮಾತ್ರ ಕಾಣುವಷ್ಟು ಸಣ್ಣಗೆ, ಅಲ್ಲಿ ಬ್ರಶ್ಶಿನ ಗೆರೆಗಳಿದ್ದವು. ಒಬ್ಬ ಮನುಷ್ಯನ ಅಗಲ. ಹೊಟ್ಟೆಯ ಹತ್ತಿರ ಒಂದೀಟು ಹೆಚ್ಚು.

ಅಂದು ಪರದೆಯ ಮೇಲೆ ದೊಡ್ಡದು ಮಾಡಿ ಅವನು ನೋಡಿದ್ದು ನನ್ನನ್ನು. ಕಿಟಕಿಯ ಬಳಿ ಕೂತು ತೆಗೆದದ್ದು ದೂಳಲ್ಲ. ಅವಳಿಗೆ ತೋರಿಸುವ ಮೊದಲು ನನ್ನನ್ನು ತೆಗೆದಿದ್ದ. ಬೆಸುಗೆ ತನ್ನದೇ ಬಿಟ್ಟಿತು ಎಂದು ಅವಳ ಮುಂದೆಯೂ, ನನ್ನ ಮುಂದೆಯೂ ಒಪ್ಪಿಕೊಂಡು, ಆ ಮಾತನ್ನು ಸಾಯುವ ತನಕ ನಡೆಸಿದ್ದ.

ಆ ಹೆಣ್ಣುಮಗಳು, “ಅಜ್ಜಾ, ಕುಂದ್ರಿ, ನೀರ್ ಕುಡೀರಿ,” ಎಂದಳು. ಮಣ್ಣಿಗೆ ಮೊದಲು ಯಾರೋ ಮೊಬೈಲಿನಲ್ಲಿ ತೆಗೆದ ಅವನ ಫೋಟೋ ತೋರಿಸಿದಳು. ವಿಭೂತಿ ಹಚ್ಚಿದ್ದರು. ಕಣ್ಣು ಮುಚ್ಚಿತ್ತು. ತೆರೆಸುವವರು ಈಗ ಯಾರೂ ಇಲ್ಲ.

ಪಟವನ್ನು ಅದರ ಮೊಳೆಗೇ ಮತ್ತೆ ಹಾಕಿ ಬಂದೆ. ಅದು ಅವನ ಹೆಂಡತಿಯ ಫೋಟೋ, ನನ್ನದಲ್ಲ.

ಸೂಜಿ ಹಾಕಿದ್ದು ನಾನು. ನಿನ್ನ ಬೆಸುಗೆ ಬಿಟ್ಟಿರಲಿಲ್ಲ, ಕೊಟ್ರೇಶ.